ಜಾರ್ಜ್ ಪ್ಲೆಬ್ಸ್ಟ್: ನಮ್ಮ ಮನೆಗಳಿಗೆ ಮಾಡು ಹೊದಿಸಿದವರು

ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಾವು ಇಗರ್ಜಿಯನ್ನು ಕಟ್ಟಿಸಿದ ಧರ್ಮಗುರುಗಳನ್ನೂ ದಾನಿಗಳನ್ನೂ ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಅವರೊಡನೆ ಇನ್ನೊಬ್ಬರನ್ನೂ ನೆನೆಯುವುದು ಉಚಿತವೆಂದು ನಮಗೆ ತೋರುತ್ತದೆ. ಅವರು ನಮ್ಮ ಸಭೆಯವರಲ್ಲ. ಆದರೂ ನಮ್ಮ ಹಿರಿಯರು ಹುಟ್ಟಿ ಬೆಳೆದ ಮನೆಗಳ ಮಾಡು ಅವರಿಗೆ ಋಣಿ. ಅವರೇ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್.

ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಪ್ರಚಾರಕರು ಮಂಗಳೂರಿಗೆ ಬಂದುದು 1834ರಲ್ಲಿ. ಪ್ಲೆಬ್ಸ್ಟರು 1851ರಲ್ಲಿ ಮಿಶನ್ನಿನ ಮುದ್ರಣಾಲಯದ ಕೆಲಸಕ್ಕಾಗಿ ಬಂದರು. ಆಗ ಮಿಶನ್ನಿನ ಮುಂದೆ ಒಂದು ಕಠಿಣ ಸಮಸ್ಯೆಯಿತ್ತು. ಕ್ರೈಸ್ತಮತವನ್ನು ಸ್ವೀಕರಿಸಿದವರಲ್ಲಿ ಅನೇಕರು ಕುಲಕಸುಬನ್ನೂ ನೆಲೆಯನ್ನೂ ಕಳೆದುಕೊಂಡಿದ್ದರು. ಬೋಧನೆ ಮಾತ್ರದಿಂದ ಹಸಿವು ತೀರದು. ನೇಯ್ಗೆಯಂತಹ ಉದ್ಯೋಗಗಳನ್ನು ಮಿಶನ್ ಆರಂಭಿಸಿದ್ದು ಇದೇ ಕಾರಣದಿಂದ.

ನೇತ್ರಾವತಿಯ ದಡದ ಜೇಡಿಮಣ್ಣು ಪ್ಲೆಬ್ಸ್ಟರ ದೃಷ್ಟಿಯನ್ನು ಸೆಳೆಯಿತು. ಒಂದಕ್ಕೊಂದು ಕಚ್ಚಿ ಕೂರುವ ಹಂಚನ್ನು ಆಲ್ಸಾಸ್ ಪ್ರಾಂತದ ಜಿಲಾರ್ಡೋನಿ ಸಹೋದರರು 1841ರಲ್ಲಿಯೇ ರೂಪಿಸಿದ್ದರು. ಅಂತಹ ಹಂಚನ್ನು ಈ ಮಣ್ಣಿನಿಂದ ಮಾಡಬಹುದೆಂದು ಕಂಡುಕೊಂಡುದೇ ಪ್ಲೆಬ್ಸ್ಟರ ಹಿರಿಮೆ. 1865ರಲ್ಲಿ ಜೆಪ್ಪುವಿನ ನದೀತೀರದಲ್ಲಿ ಕಾರ್ಖಾನೆ ಆರಂಭವಾಯಿತು. ಇಬ್ಬರು ಕೂಲಿಯಾಳುಗಳು, ಮಣ್ಣು ಅರೆಯಲು ಒಂದು ಜೋಡಿ ಎತ್ತು, ದಿನಕ್ಕೆ 560 ಹಂಚು: ಇಷ್ಟೇ ಅದರ ಆರಂಭ. ಮಣ್ಣನ್ನು ಹದಗೊಳಿಸಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಟ್ಟಾಗ ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಆ ಕೆಂಪು ಬಣ್ಣ ಮೂಡುತ್ತಿತ್ತು.

ಅಲ್ಲಿಯವರೆಗೆ ಬಡವರ ಮನೆಗಳಿಗೆ ಮುಳಿಹುಲ್ಲಿನ ಇಲ್ಲವೇ ತೆಂಗಿನ ಮಡಲಿನ ಹೊದಿಕೆ. ಅದನ್ನು ಮತ್ತೆ ಮತ್ತೆ ಹೊಸದಾಗಿ ಹೊದಿಸಬೇಕು; ಒಂದು ಕಿಡಿ ಬಿದ್ದರೆ ಕೇರಿಯೇ ಬೂದಿ. ಹಂಚು ಆ ಭಯವನ್ನು ನೀಗಿಸಿತು. ನಮ್ಮ ಕಥೋಲಿಕರೂ ಹಿಂದುಳಿಯಲಿಲ್ಲ. 1868ರಲ್ಲಿಯೇ ಆಲ್ಬುಕರ್ಕ್ ಮನೆತನದವರು ಹಂಚಿನ ಉದ್ಯಮಕ್ಕೆ ಕೈಹಾಕಿದರು. ಅಂದು ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ಇದ್ದ ಅಂತರವನ್ನು ಹಿರಿಯರು ಬಲ್ಲರು. ಆದರೆ ಮಳೆ ಯಾರ ಪಂಗಡವನ್ನೂ ಕೇಳಲಿಲ್ಲ, ಹಂಚೂ ಕೇಳಲಿಲ್ಲ. ಇಗರ್ಜಿ, ದೇವಸ್ಥಾನ, ಮಸೀದಿ, ಶಾಲೆ, ಎಲ್ಲವೂ ಅದೇ ಕೆಂಪು ಮಾಡಿನ ಕೆಳಗೆ ನಿಂತವು.

ಮೊದಲ ಮಹಾಯುದ್ಧದ ಕಾಲದಲ್ಲಿ ಮಿಶನ್ನಿನ ಉದ್ಯಮಗಳು ಸರಕಾರದ ವಶವಾಗಿ ಪರರ ಕೈಸೇರಿದವು. ಮುಂದೆ ಕಾಂಕ್ರೀಟಿನ ತಾರಸಿ ಬಂತು. ಮಣ್ಣೂ ಸೌದೆಯೂ ದುರ್ಲಭವಾದವು. ನದೀತೀರದ ಹೊಗೆಗೂಡುಗಳು ಒಂದೊಂದಾಗಿ ತಣ್ಣಗಾದವು. ಅವುಗಳೊಡನೆ ಮಣ್ಣು ತರುತ್ತಿದ್ದ ದೋಣಿಯವರ, ಹಂಚು ಹೊರುತ್ತಿದ್ದ ತಾಯಂದಿರ ಬದುಕಿನ ನೆನಪೂ ಮಾಸುತ್ತಿದೆ.

ಆದುದರಿಂದ ಪ್ರಿಯ ಧರ್ಮಕೇಂದ್ರದ ಬಾಂಧವರೇ, ಹಳೆಯ ಮನೆಯನ್ನು ಕೆಡಹುವ ಮುನ್ನ ಅದರ ಒಂದು ಹಂಚನ್ನು ಕೈಗೆತ್ತಿಕೊಂಡು ನೋಡೋಣ. ಅದರ ಮೇಲೆ ಕಾರ್ಖಾನೆಯ ಹೆಸರಿರಬಹುದು, 1865 ಎಂಬ ಇಸವಿಯೂ ಇರಬಹುದು. ಪ್ಲೆಬ್ಸ್ಟರ ಹೆಸರು ಮಾತ್ರ ಇರದು. ಆ ಹಂಚನ್ನು ಜೋಪಾನವಾಗಿಟ್ಟು, ಅದರ ಕಥೆಯನ್ನು ಮಕ್ಕಳಿಗೆ ಹೇಳೋಣ. ಹಸಿದವನಿಗೆ ಕೆಲಸ ಕೊಡಲೆಂದು ಹುಟ್ಟಿದ ಉದ್ಯಮವೊಂದು ಇಡೀ ನಾಡಿಗೆ ನೆರಳಾಯಿತೆಂಬುದನ್ನು ಅವರು ಅರಿಯಲಿ.