ರಾಜ್ಯ ಕೈತಪ್ಪಿದ ರಾಜ, ಬೆಳೆಯುತ್ತಲೇ ಹೋದ ಆಟ

ಫ್ಯಾಂಟಸಿ ಯುದ್ಧದಾಟ ಆಡುವವರಿಗೆ ಎಕ್ಸ್‌ಪಾನ್ಶನ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮೂಲ ಆಟ ಹಾಗೇ ಇರುತ್ತೆ. ಅದಕ್ಕೆ ಹೊಸ ಪಡೆ, ಹೊಸ ದೇವರು, ಹೊಸ ನಿಯಮ ಸೇರಿಕೊಳ್ಳುತ್ತವೆ. ಈ ಕೆಲಸವನ್ನು 19ನೇ ಶತಮಾನದಲ್ಲೇ ಹಟ ಹಿಡಿದು ಮಾಡಿದ ಕನ್ನಡ ನಾಡಿನ ಮನುಷ್ಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ಬದುಕು ಮೈಸೂರಿನಲ್ಲಿ ನಿಂತು ನೋಡಿದರೆ ಒಂದು ಥರ ಕಾಣುತ್ತೆ, ಸುರಪುರದಲ್ಲಿ ನಿಂತು ನೋಡಿದರೆ ಇನ್ನೊಂದು ಥರ.

ಹುಟ್ಟಿದ್ದು 1794ರ ಜುಲೈ 14, ಶ್ರೀರಂಗಪಟ್ಟಣದಲ್ಲಿ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಹೋರಾಡುತ್ತಾ ಸತ್ತರು. ಎರಡು ತಿಂಗಳೂ ಆಗಿರಲಿಲ್ಲ, ಐದು ವರ್ಷದ ಈ ಮಗುವನ್ನು ಕಂಪನಿ ಸರ್ಕಾರ ಗದ್ದುಗೆಯಲ್ಲಿ ಕೂರಿಸಿತು. ಕೊಟ್ಟದ್ದು ಪುಕ್ಕಟೆಯಲ್ಲ: ಸೈನ್ಯದ ಖರ್ಚಿಗೆ ಅಂತ ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕು. ಆಡಳಿತ ನಡೆಸಿದ್ದು ದಿವಾನ್ ಪೂರ್ಣಯ್ಯ. ಹದಿಹರೆಯದಲ್ಲಿ ಅಧಿಕಾರ ರಾಜನ ಕೈಗೆ ಬಂತು, ಜತೆಗೆ ಹಣದ ಮುಗ್ಗಟ್ಟೂ ಬಂತು. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಕಾಟ ತಾಳಲಾರದೆ ದಂಗೆ ಎದ್ದರು. ದಂಗೆಯನ್ನು ಹತ್ತಿಕ್ಕಿದ ಕಂಪನಿ, ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಆಡಳಿತವನ್ನೇ ಕಿತ್ತುಕೊಂಡಿತು. ಆಗ ಒಡೆಯರಿಗೆ 37 ವರ್ಷ. ಅರಮನೆ, ಪಿಂಚಣಿ, ಬಿರುದು ಉಳಿದವು. ಹುಕುಂ ಹೊರಡಿಸುವ ಅಧಿಕಾರ ಉಳಿಯಲಿಲ್ಲ.

ಆಮೇಲಿನ ಮೂರೂವರೆ ದಶಕದಲ್ಲಿ ಅವರು ಮಾಡಿಸಿದ ಕೆಲಸಗಳಲ್ಲಿ ಆಟಗಳದ್ದು ದೊಡ್ಡ ಪಾಲು. ಮೊಘಲರ ಕಾಲದಲ್ಲಿ ಹಬ್ಬಿದ ಗಂಜೀಫದಲ್ಲಿ 8 ಪಂಗಡ, 96 ಎಲೆ. ದಶಾವತಾರ ಗಂಜೀಫದಲ್ಲಿ 10 ಪಂಗಡ, 120 ಎಲೆ. ಪ್ರತಿ ಪಂಗಡಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಉಳಿದ ಹತ್ತು ಅಂಕಿ ಎಲೆಗಳು. ಅರ್ಧ ಪಂಗಡಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು. ಒಡೆಯರು ಈ ಚೌಕಟ್ಟನ್ನು ಒಡೆಯದೆ ಹಿಗ್ಗಿಸಿದರು. ಪಂಗಡಗಳನ್ನು ಹೆಚ್ಚಿಸಿದರು, ರಾಜ-ಮಂತ್ರಿಗಳ ಪಕ್ಕ ಇನ್ನಷ್ಟು ಚಿತ್ರದೆಲೆ ಸೇರಿಸಿದರು, ಪುರಾಣದ ದೇವತೆಗಳನ್ನೂ ಗ್ರಹಗಳನ್ನೂ ಆಟಕ್ಕೆ ಇಳಿಸಿದರು. ಮೈಸೂರು ಛದ್ ಅಂತ ಹೆಸರಾದ ಈ ಆಟಗಳಲ್ಲಿ ಚಿಕ್ಕದಕ್ಕೆ 36 ಎಲೆ. ಚಾಮುಂಡೇಶ್ವರಿ ಛದ್‌ಗೆ 320, ಜಗನ್ಮೋಹನ ಛದ್‌ಗೆ 360. ಇವುಗಳ ವಿವರ ಅವರ ಶ್ರೀತತ್ತ್ವನಿಧಿಯ ಒಂಬತ್ತನೇ ಭಾಗವಾದ ಕೌತುಕನಿಧಿಯಲ್ಲಿದೆ.

ಚದುರಂಗವನ್ನೂ ಬಿಡಲಿಲ್ಲ. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡೆ ಅವರ ಹೆಸರಿನಲ್ಲಿದೆ. ಕುದುರೆ ಹೋದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಸಂಖ್ಯೆ ಹಾಕಿ. ಯಾವ ಅಡ್ಡಸಾಲು ಕೂಡಿದರೂ, ಯಾವ ಉದ್ದಸಾಲು ಕೂಡಿದರೂ 260 ಬರುತ್ತೆ. ಸುಮ್ಮನೆ ಹೊತ್ತು ಕಳೆಯೋನ ಕೆಲಸ ಅಲ್ಲ ಇದು.

ಇನ್ನು ಸುರಪುರಕ್ಕೆ ಬನ್ನಿ. ಇಲ್ಲೂ ಚಿನ್ನದ ಮೆರುಗಿನ ಚಿಕಣಿ ಚಿತ್ರಗಳ ಪರಂಪರೆಯಿತ್ತು. ಇಲ್ಲೂ ಗದ್ದುಗೆಗೆ ವಾರಸುದಾರನಾಗಿದ್ದವನು ಎಳೆಯ ಹುಡುಗ, ಬೇಡ ನಾಯಕ ಮನೆತನದ ರಾಜಾ ವೆಂಕಟಪ್ಪ ನಾಯಕ. ಇಲ್ಲೂ ಆಡಳಿತದ ಹಗ್ಗ ಕಂಪನಿಯ ಪರವಾಗಿ ಬಂದ ಮೆಡೋಸ್ ಟೇಲರ್ ಕೈಯಲ್ಲಿ, 1853ರವರೆಗೆ. ವೆಂಕಟಪ್ಪ ನಾಯಕ ಹಿಡಿದ ದಾರಿ ಬೇರೆ. 1858ರ ಫೆಬ್ರುವರಿಯಲ್ಲಿ ಸುರಪುರದ ಪಡೆ ಬ್ರಿಟಿಷರ ಮೇಲೆ ಬಿತ್ತು, ಸೋತಿತು. ರಾಜ ಹೈದರಾಬಾದಿನಲ್ಲಿ ಸೆರೆಯಾದ. ಅದೇ ವರ್ಷ, ಸೆರೆಮನೆಗೆ ಸಾಗಿಸುವ ದಾರಿಯಲ್ಲಿ ಗುಂಡೇಟಿಗೆ ಅವನ ಪ್ರಾಣ ಹೋಯಿತು. 1860ರಲ್ಲಿ ಸುರಪುರ ನಿಜಾಮರ ಪಾಲಾಯಿತು.

ಒಬ್ಬ ಕತ್ತಿ ಹಿಡಿದ ವೀರ, ಇನ್ನೊಬ್ಬ ಎಲೆ ಹಾಕುತ್ತಾ ಕೂತ ಹೇಡಿ ಅಂತ ಪೋಸ್ಟ್ ಹಾಕಿಬಿಡೋದು ಸುಲಭ. ಆದರೆ ಒಡೆಯರು ಸುಮ್ಮನೆ ಕೂತಿರಲಿಲ್ಲ. ರಾಜ್ಯ ವಾಪಸ್ ಕೊಡಿ ಅಂತ ದಶಕಗಳ ಕಾಲ ಅರ್ಜಿ ಮೇಲೆ ಅರ್ಜಿ ಬರೆದರು. ಹೆತ್ತ ಮಗ ಉತ್ತರಾಧಿಕಾರಿಯಾಗಿ ಇಲ್ಲದಾಗ 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತಗೊಂಡರು. ಬ್ರಿಟಿಷರು ಒಪ್ಪದಿದ್ದರೂ ಜಗ್ಗಲಿಲ್ಲ. 1867ರಲ್ಲಿ ಲಂಡನ್ ಮಣಿಯಿತು. 1868ರ ಮಾರ್ಚ್ 27ರಂದು ಅವರು ತೀರಿಕೊಂಡರು. 1881ರಲ್ಲಿ ರಾಜ್ಯ ಆ ದತ್ತುಮಗನ ಕೈಗೆ ಮರಳಿತು.

ಹಾಗಂತ ಒಡೆಯರನ್ನು ಪೂಜಿಸಬೇಕಾಗಿಯೂ ಇಲ್ಲ. ಗಂಜೀಫದಲ್ಲಿ ರಾಜನಿಗೆ ಮುಖ ಇದೆ, ಮಂತ್ರಿಗೂ ಇದೆ. ಸಾಲು ತುಂಬಿಸುವ ಅಂಕಿ ಎಲೆಗಳಿಗೆ ಬರೀ ಲೆಕ್ಕ. ನಗರದ ರೈತರ ಪಾಡೂ ಅದೇ ಆಯ್ತು. ಅವರ ದಂಗೆ ರಾಜನಿಗೆ ಅಪಮಾನ ಆಯ್ತು, ಕಂಪನಿಗೆ ನೆಪ ಆಯ್ತು. ಅವರದೇ ಮಾತಾಗಿ ಉಳಿದದ್ದು ಕಡಿಮೆ.

ಸುರಪುರದ ಸೈನಿಕರೂ ಹಾಗೇ, ರಾಜನ ಹೆಸರಿನ ಹಿಂದೆ ಮರೆಯಾದರು. ಒಂದು ಗದ್ದುಗೆ ಉಳಿಯಿತು, ಇನ್ನೊಂದು ಅಳಿಯಿತು. ಸುರಪುರ, ಶಹಾಪುರ, ಯಾದಗಿರಿಯ ಜನ ನಿಜಾಮರ ಆಳ್ವಿಕೆ ದಾಟಿ 1956ರಲ್ಲಿ ಮೈಸೂರಿನವರ ಜತೆ ಒಂದೇ ರಾಜ್ಯಕ್ಕೆ ಬಂದರು. ಹಿಂದುಳಿದದ್ದನ್ನು ತುಂಬಿಕೊಳ್ಳಲು ಇವತ್ತಿಗೂ ಕೈಯಲ್ಲಿ 371(ಜೆ) ಹಿಡಿದು ನಿಂತಿದ್ದಾರೆ.

ಮುಮ್ಮಡಿಯವರ ಎಲೆಗಳನ್ನು ನೋಡುವಾಗ ಚಿತ್ರದ ಚಂದಕ್ಕೆ ತಲೆದೂಗಿ, ತಪ್ಪಿಲ್ಲ. ಅದರ ಜತೆ ಒಂದು ಲೆಕ್ಕ ಹಾಕಿ: ಹಲಗೆ ಯಾರದ್ದು, ನಿಯಮ ಬರೆದವರು ಯಾರು, ಸೋತಾಗ ದಂಡ ಕಟ್ಟಿದವರು ಯಾರು. ಆಡಳಿತ ನಡೆಸಿದ ಇಪ್ಪತ್ತು ವರ್ಷಗಳಲ್ಲೂ ಒಡೆಯರ ಮೇಲೆ ಕಂಪನಿಯ ನಿಯಮವೇ ಇತ್ತು. ಅವರೇ ನಿಯಮ ಬರೆಯಲು ಸಿಕ್ಕ ಜಾಗ ಆ 360 ಎಲೆಗಳಷ್ಟೇ.