ಪಾಸ್ ಮಾಡಿಸಿದ ಮೇಷ್ಟ್ರು

ನಮ್ಮ ಬಂಗಾರಪೇಟೆ ಹುಡುಗರು ಬಾಲ್ ಸಿಕ್ಕರೆ ಪಾಸೇ ಮಾಡಲ್ಲ. ಅವರಿಗೆ ಬ್ಯಾಸ್ಕೆಟ್‌ಬಾಲ್ ಹುಟ್ಟಿಸಿದ ಜೇಮ್ಸ್ ನೈಸ್ಮಿತ್ ಕಥೆ ಹೇಳಬೇಕು.

1861ರಲ್ಲಿ ಕೆನಡಾದಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳಕೊಂಡರು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮೇಷ್ಟ್ರಾಗಿದ್ದಾಗ, ಚಳಿಗಾಲಕ್ಕೆ ಒಳಗೇ ಆಡೋ ಆಟ ಬೇಕಾಯ್ತು. ಹುಡುಗರು ತುಂಬಾ ಒರಟು. ಬಾಲ್ ಹಿಡಿದು ಓಡಿದರೆ ತಾನೇ ಮೈಮೇಲೆ ಬೀಳೋದು? ಓಡೋದನ್ನೇ ನಿಲ್ಲಿಸಿದರು. ಆಗ ಡ್ರಿಬಲ್ ಕೂಡ ಇರಲಿಲ್ಲ, ಪಾಸ್ ಮಾಡಲೇಬೇಕು. ಪೀಚ್ ಹಣ್ಣಿನ ಬುಟ್ಟಿಯನ್ನು 10 ಅಡಿ ಎತ್ತರಕ್ಕೆ ಕಟ್ಟಿಸಿದರು. ಜೋರಾಗಿ ಎಸೆದರೆ ಬೀಳಲ್ಲ, ಗುರಿಯಿಟ್ಟು ಕಮಾನಿನ ಹಾಗೆ ಹಾರಿಸಬೇಕು.

ಆಮೇಲೆ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಕೋಚ್ ಆದರು. ಗೆದ್ದದ್ದು 55, ಸೋತದ್ದು 60! 1939ರಲ್ಲಿ ತೀರಿಕೊಂಡರು. ಇವತ್ತಿಗೂ ಬಾಲ್ ಹಿಡಿದು ಓಡಿದರೆ ಟ್ರಾವೆಲಿಂಗ್. ಆ ರೂಲ್ ಅವರದ್ದೇ.