ಲೈಬ್ರರಿಗೆ ಬಂದ ಲೆಕ್ಕದ ಮೇಷ್ಟ್ರು

ಲೈಬ್ರರಿಗೆ ಹೊಸ ಟೆಕ್ನಾಲಜಿ ಅಂದ ತಕ್ಷಣ ನಮಗೆ ಕಂಪ್ಯೂಟರ್, ಸರ್ವರ್, ದೊಡ್ಡ ಬಜೆಟ್ ನೆನಪಾಗುತ್ತೆ. ಆದರೆ ಎಸ್. ಆರ್. ರಂಗನಾಥನ್ ಅವರು ಭಾರತದ ಲೈಬ್ರರಿಗಳನ್ನು ಬದಲಾಯಿಸಿದ್ದು ಕಾರ್ಡು, ಕಪಾಟು ಮತ್ತು ಎತ್ತಿನ ಗಾಡಿ ಇಟ್ಟುಕೊಂಡು.

1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ ಹುಟ್ಟಿದ ಅವರು ಓದಿದ್ದು ಗಣಿತ, ಪಾಠ ಮಾಡಿದ್ದೂ ಗಣಿತವೇ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಮೊದಮೊದಲು ಆ ಕೆಲಸ ಬೇಜಾರಾಗಿ, ವಾಪಸ್ ಕಾಲೇಜಿಗೇ ಹೋಗ್ಬೇಕು ಅಂತಿದ್ದರು. ತರಬೇತಿಗೆ ಲಂಡನ್‌ಗೆ ಹೋದ ಮೇಲೆ ಮನಸ್ಸು ಬದಲಾಯಿತು.

ಅಲ್ಲೊಂದು ಅಂಗಡಿಯಲ್ಲಿ ಮೆಕ್ಯಾನೋ ಆಟದ ಸೆಟ್ ನೋಡಿದರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು. ಜೋಡಿಸೋ ರೀತಿ ಬೇರೆಯಾದರೆ ಆಟಿಕೆಯೇ ಬೇರೆ! ಪುಸ್ತಕದ ವಿಷಯವನ್ನೂ ಹೀಗೇ ಜೋಡಿಸಬಹುದಲ್ವಾ ಅಂತ ಹೊಳೆಯಿತು. ಶ್ವಾಸಕೋಶ, ಕ್ಷಯ, ಚಿಕಿತ್ಸೆ ಹೀಗೆ ಒಂದೊಂದಕ್ಕೂ ಒಂದು ಸಂಕೇತ, ಅವುಗಳನ್ನು ಜೋಡಿಸೋಕೆ ಕೋಲನ್ ಚಿಹ್ನೆ. ಅದೇ 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ. ನಾವು ಶಾಪಿಂಗ್ ಆ್ಯಪ್‌ನಲ್ಲಿ ಬೆಲೆ, ಬಣ್ಣ, ಸೈಜ್ ಅಂತ ಫಿಲ್ಟರ್ ಹಾಕ್ತೀವಲ್ಲ, ಅದರ ಹಿಂದಿರೋ ಯೋಚನೆಯೂ ಹೆಚ್ಚುಕಮ್ಮಿ ಇದೇ.

ಮದ್ರಾಸಿನಲ್ಲಿ ಓದುಗರೇ ನೇರವಾಗಿ ಕಪಾಟಿನ ಹತ್ತಿರ ಹೋಗಿ ಪುಸ್ತಕ ತೆಗೆಯೋ ಹಾಗೆ ಮಾಡಿದರು. ಇದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ, ಆದರೆ ಓದುವವರ ಟೈಮ್ ಉಳಿಯಿತು. 1931ರಲ್ಲಿ, ಅವರ ಪ್ರೇರಣೆಯಿಂದ, ಮನ್ನಾರ್‌ಗುಡಿ ಸುತ್ತಮುತ್ತಲ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಲೈಬ್ರರಿ ಹೊರಟಿತು.

ಕೊನೆಯ ವರ್ಷಗಳಲ್ಲಿ ಬೆಂಗಳೂರೇ ಅವರ ಊರಾಯಿತು. 1962ರಲ್ಲಿ ಅಲ್ಲಿ ಡಿಆರ್‌ಟಿಸಿ ಅನ್ನೋ ತರಬೇತಿ ಕೇಂದ್ರ ಕಟ್ಟಿದರು. ಲೈಬ್ರರಿ ದಾನದ ಮೇಲೆ ನಡೀಬಾರದು, ಅದಕ್ಕೆ ಕಾನೂನಿನ ಬಲ ಇರಬೇಕು ಅನ್ನೋದು ಅವರ ಹಟ. 1965ರಲ್ಲಿ ನಮ್ಮ ರಾಜ್ಯದಲ್ಲೂ ಗ್ರಂಥಾಲಯ ಕಾಯ್ದೆ ಬಂತು. ಇವತ್ತು ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಸೇರೋದು ಅದೇ ಕಾಯ್ದೆಯಿಂದ. 1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಬೆಂಗಳೂರಿನಲ್ಲೇ ತೀರಿಕೊಂಡರು.

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಂಥ ಊರಲ್ಲಿ ಆ 6 ಪೈಸೆ ಎಷ್ಟು ದುಡ್ಡಾದೀತು, ನೀವೇ ಯೋಚಿಸಿ. ಅದಕ್ಕೇ ರಂಗನಾಥನ್ ಈಗಲೂ ಬೇಕು. ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ನಾವು ಒಂದು ದಿನದಲ್ಲಿ ಹಾಕಿಕೊಡಬಹುದು. ಆದರೆ ಒಂದೊಂದು ಪುಸ್ತಕ ಕೈಗೆತ್ತಿಕೊಂಡು, ಅದರ ವಿಷಯ ಸರಿಯಾಗಿ ಗುರುತಿಸಿ ಎಂಟ್ರಿ ಮಾಡದಿದ್ದರೆ ಸರ್ಚ್ ಬಾಕ್ಸ್ ಇದ್ದೂ ಪ್ರಯೋಜನವಿಲ್ಲ. ಪ್ರಾಜೆಕ್ಟ್ ಅಂತ ಊರಿನ ಲೈಬ್ರರಿಗೆ ಹೋಗೋರು ಲ್ಯಾಪ್‌ಟಾಪ್ ತೆರೆಯೋ ಮುಂಚೆ ಕಪಾಟು ನೋಡಿ.